ಒಂದು ಕಪಾಟು ಡೆನ್ಮಾರ್ಕಿಗಿರಲಿ

ಅರವತ್ತು ಲಕ್ಷ ಜನರ ಪುಟ್ಟ ದೇಶ. ಅದರ ಸಿನಿಮಾಗಳಲ್ಲಿ ಬರಡು ನೆಲ ಅಗೆಯುವ ಒಂಟಿ ರೈತನಿದ್ದಾನೆ, ಪಂಥ ಬೇರೆಯೆಂದು ಮದುವೆಗೆ ಅಡ್ಡ ನಿಲ್ಲುವ ಅಪ್ಪಂದಿರಿದ್ದಾರೆ, ಒಂದೇ ಒಂದು ಊಟಕ್ಕೆ ಸರ್ವಸ್ವವನ್ನೂ ಸುರಿಯುವ ಅಡುಗೆಯವಳಿದ್ದಾಳೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಗ್ರಂಥಾಲಯಗಳಲ್ಲಿ ಈ ಚಿತ್ರಗಳು ಪುಸ್ತಕದಂತೆಯೇ ಎರವಲು ಸಿಗಬೇಕು. ಕಾನೂನು ಕೂಡ ಇದಕ್ಕೆ ದಾರಿ ಬಿಟ್ಟಿದೆ!

ಸುಗ್ಗಿಯ ಒಂದು ಸೋಮವಾರ. ಬ್ಯಾಡಗಿಯ ಎಪಿಎಂಸಿ ಪ್ರಾಂಗಣದಲ್ಲಿ ಕಾಲಿಡಲು ಜಾಗವಿಲ್ಲ. ದಲಾಲಿ ಅಂಗಡಿಗಳ ಮುಂದೆ ಬಾಯಿ ಬಿಚ್ಚಿ ನಿಲ್ಲಿಸಿದ ಮೆಣಸಿನಕಾಯಿ ಚೀಲಗಳು. ಕಡ್ಡಿ ಒಂದು ಕಡೆ, ಡಬ್ಬಿ ಇನ್ನೊಂದು ಕಡೆ. ಖರೀದಿದಾರ ಒಂದು ಹಿಡಿ ಎತ್ತಿ, ಮುರಿದು, ಬಣ್ಣ ನೋಡಿ, ಲಾಟ್ ನಂಬರ್ ಬರೆದುಕೊಂಡು ಮುಂದಿನ ರಾಶಿಗೆ ಹೋಗುತ್ತಾನೆ. ಮೂಗಿಗೆ ಟವೆಲ್ ಸುತ್ತಿಕೊಂಡ ಹಮಾಲರು ಓಡಾಡುತ್ತಿದ್ದಾರೆ. ಸೀನು, ಕೆಮ್ಮು, ಲಾರಿಯ ಹಾರನ್ನು.

ಟೆಂಡರಿನ ದರ ಗೊತ್ತಾಗುವವರೆಗೆ ರೈತನಿಗೆ ಕಾಯುವುದೊಂದೇ ಕೆಲಸ. ಬಳ್ಳಾರಿ, ರಾಯಚೂರು, ಕರ್ನೂಲಿನ ಕಡೆಯಿಂದ ರಾತ್ರಿಯೇ ಗಾಡಿ ಹತ್ತಿ ಬಂದವನು. ಚೀಲಕ್ಕೆ ಬೆನ್ನು ಕೊಟ್ಟು ಮೊಬೈಲ್ ತೆಗೆಯುತ್ತಾನೆ. ಅರ್ಧ ನಿಮಿಷದ ನಗೆ, ಅರ್ಧ ನಿಮಿಷದ ಜಗಳ, ಅರ್ಧ ನಿಮಿಷದ ಹಾಡು. ಹೆಬ್ಬೆರಳು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ, ತಾಸುಗಟ್ಟಲೆ.

ಜಗತ್ತಿನ ಸಿನಿಮಾವೆಲ್ಲ ಅವನ ಅಂಗೈಯಲ್ಲಿದೆ. ‘ಇದನ್ನ ನೋಡ್ರಿ, ನಿಮಗ ಸೇರತೈತಿ’ ಎಂದು ಹೇಳುವವರು ಮಾತ್ರ ಇಲ್ಲ.

ವರ್ಷದ ಮೊದಲ ತಿಂಗಳುಗಳಲ್ಲೇ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಸಂಭ್ರಮ. ಹತ್ತಾರು ದೇಶಗಳ ಚಿತ್ರಗಳು ಬರುತ್ತವೆ, ಸಾಲುಗಟ್ಟಿ ನಿಂತು ನೋಡುವವರಿದ್ದಾರೆ. ಹಾವೇರಿಯಿಂದ ಅಲ್ಲಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಸುಗ್ಗಿ ಬಿಟ್ಟು, ಒಂದು ವಾರ ರೂಮು ಹಿಡಿದು ಸಿನಿಮಾ ನೋಡಲು ಈ ಸೀಮೆಯಿಂದ ಎಷ್ಟು ಜನ ಹೋದಾರು?

ಪುಸ್ತಕದ ವಿಷಯದಲ್ಲಿ ಇಂಥದೇ ಕೊರತೆಯನ್ನು ಹಾವೇರಿ ಸೀಮೆ ನೂರು ವರ್ಷದ ಹಿಂದೆ ಎದುರಿಸಿತ್ತು, ಎದುರಿಸಿ ಗೆದ್ದಿತ್ತು. ಗಳಗನಾಥರೆಂದೇ ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಇಲ್ಲಿಯವರೇ. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಅಗಡಿಯಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯನ್ನು ಮನೆಮನೆಯ ಮಾತಾಗಿಸಿದರು. ಅಚ್ಚಾದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿದರು. ಓದುಗ ಹುಡುಕಿಕೊಂಡು ಬರಲಿ ಎಂದು ಅವರು ಕಾಯಲಿಲ್ಲ. ಬೇರೆ ಭಾಷೆಯ ಒಳ್ಳೆಯ ಕಥೆಯೊಂದನ್ನು ಆರಿಸಿ, ಅದನ್ನು ಅಗಡಿಯ ಓದುಗನ ಜಗಲಿಗೆ ತಲುಪಿಸುವುದು ತನ್ನ ಹೊಣೆ ಎಂದು ಒಬ್ಬ ಶಾಲಾ ಮಾಸ್ತರರು ತಿಳಿದುಕೊಂಡಿದ್ದರು.

ಸಿನಿಮಾಕ್ಕೆ ಆ ಹೊಣೆಯನ್ನು ಇಂದು ಯಾರು ಹೊರಬೇಕು? ನನ್ನ ಉತ್ತರ: ಸಾರ್ವಜನಿಕ ಗ್ರಂಥಾಲಯ. ಎಲ್ಲಿಂದ ಶುರು ಮಾಡಬೇಕು? ಡೆನ್ಮಾರ್ಕಿನಿಂದ.

ಡೆನ್ಮಾರ್ಕೇ ಏಕೆ?

ಕೇಳಬೇಕಾದ ಪ್ರಶ್ನೆಯೇ. ಇರಾನ್ ಇದೆ, ಜಪಾನ್ ಇದೆ, ಪಕ್ಕದ ಮಲಯಾಳ ಇದೆ. ಅವೆಲ್ಲವೂ ಬರಲಿ. ಡೆನ್ಮಾರ್ಕನ್ನು ಮೊದಲು ಹೆಸರಿಸುವುದಕ್ಕೆ ನನಗೆ ಬಲವಾದ ಕಾರಣಗಳಿವೆ.

ಇಡೀ ದೇಶದ ಜನಸಂಖ್ಯೆ ಸುಮಾರು 60 ಲಕ್ಷ. ಕನ್ನಡಿಗರು ನಾಲ್ಕು ಕೋಟಿಗೂ ಹೆಚ್ಚು. ಕನ್ನಡದಲ್ಲಿ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಇನ್ನೂರರಷ್ಟು ಚಿತ್ರಗಳು ತೆರೆಗೆ ಬರುತ್ತವೆ, ಡ್ಯಾನಿಶ್ ಭಾಷೆಯಲ್ಲಿ ಅದರ ಸಣ್ಣ ಪಾಲು. ಆದರೂ ಇಂಗ್ಲಿಷೇತರ ಚಿತ್ರಕ್ಕೆ ಕೊಡುವ ಆಸ್ಕರ್ ಈ ಭಾಷೆಗೆ ನಾಲ್ಕು ಬಾರಿ ಬಂದಿದೆ: 1988ರಲ್ಲಿ ‘ಬಾಬೆಟ್ಸ್ ಫೀಸ್ಟ್’, ಮರುವರ್ಷವೇ ‘ಪೆಲ್ಲೆ ದಿ ಕಾಂಕರರ್’, 2011ರಲ್ಲಿ ಸೂಸನ್ ಬಿಯರ್ ಅವರ ‘ಇನ್ ಎ ಬೆಟರ್ ವರ್ಲ್ಡ್’, 2021ರಲ್ಲಿ ಥಾಮಸ್ ವಿಂಟರ್‌ಬರ್ಗ್ ಅವರ ‘ಅನದರ್ ರೌಂಡ್’.

ಇದು ತಾನಾಗಿ ಆದದ್ದಲ್ಲ. ಅಲ್ಲಿ 1906ರಲ್ಲಿ ಶುರುವಾದ ನಾರ್ಡಿಸ್ಕ್ ಫಿಲ್ಮ್ ಕಂಪನಿ ಇಂದಿಗೂ ಚಿತ್ರ ತೆಗೆಯುತ್ತಿದೆ. ಮೂಕಿ ಯುಗದಲ್ಲಿ ಅದರ ಚಿತ್ರಗಳು ಯುರೋಪಿನ ತುಂಬ ಓಡಿದವು. ಮಾತು ಬಂದ ಮೇಲೆ ಮಾರುಕಟ್ಟೆ ಪುಟ್ಟ ಭಾಷೆಯೊಂದರ ಗಡಿಯೊಳಗೆ ಮುದುಡಿತು. ಆಗ ಅವರು ಸಿನಿಮಾವನ್ನು ಸಾಹಿತ್ಯ, ಸಂಗೀತದ ಪಂಕ್ತಿಯಲ್ಲಿ ಕೂರಿಸಿ ಸರ್ಕಾರದಿಂದ ಪೋಷಿಸಿದರು. 1966ರಲ್ಲಿ ರಾಷ್ಟ್ರೀಯ ಚಲನಚಿತ್ರ ಶಾಲೆ ಬಂತು, 1972ರಲ್ಲಿ ಡ್ಯಾನಿಶ್ ಫಿಲ್ಮ್ ಇನ್‌ಸ್ಟಿಟ್ಯೂಟ್. ಚಿತ್ರಗಳಿಗೆ ಕೊಡುವ ಸಹಾಯಧನದಲ್ಲಿ ಕನಿಷ್ಠ ಕಾಲು ಭಾಗ ಮಕ್ಕಳ ಮತ್ತು ಹದಿಹರೆಯದವರ ಚಿತ್ರಗಳಿಗೆ ಮೀಸಲು. ಈ ಒಂದು ನಿಯಮಕ್ಕಾಗಿಯೇ ಆ ದೇಶಕ್ಕೆ ಕೈ ಮುಗಿಯಬೇಕೆನಿಸುತ್ತದೆ.

ಇನ್ನೊಂದು ಕಾರಣ ನಮ್ಮ ಮಾತಿಗೆ ನೇರ ಸಂಬಂಧಿಸಿದ್ದು. ಡೆನ್ಮಾರ್ಕಿನಲ್ಲಿ ಸಿನಿಮಾ ಎನ್ನುವುದು ಗ್ರಂಥಾಲಯದ ಸರಕು. ಅಲ್ಲಿನ ಮೊದಲ ಗ್ರಂಥಾಲಯ ಕಾಯ್ದೆ 1920ರದು. 2000ದ ಹೊಸ ಕಾಯ್ದೆ ಪುಸ್ತಕದ ಜತೆಗೆ ಸಂಗೀತ, ಮಲ್ಟಿಮೀಡಿಯಾಗಳನ್ನೂ ಗ್ರಂಥಾಲಯದ ಕರ್ತವ್ಯದೊಳಗೆ ತಂದಿತು. ಈಗ ‘ಫಿಲ್ಮ್‌ಸ್ಟ್ರೀಬೆನ್’ ಎಂಬ ಸೇವೆಯಲ್ಲಿ, ಊರ ಗ್ರಂಥಾಲಯದ ಸದಸ್ಯತ್ವ ಒಂದಿದ್ದರೆ ಮನೆಯಲ್ಲೇ ಕೂತು ಹಣ ಕೊಡದೆ ಚಿತ್ರ ನೋಡಬಹುದು. ಅದರ ಪಟ್ಟಿ ಮಾಡಿದವರು ಮನುಷ್ಯರು, ಇದನ್ನು ನೋಡಿ ಎಂದು ಆರಿಸಿಕೊಡಬಲ್ಲವರು.

ಬರಡು ನೆಲದ ಮೇಲೆ ಮಂಡಿಯೂರಿ

ರಾಣೆಬೆನ್ನೂರಿನ ಓದುಗರಿಗೆ ನಾನು ಮೊದಲು ಕೈಗಿಡುವ ಚಿತ್ರ ನಿಕೊಲಾಯ್ ಆರ್ಸೆಲ್ ಅವರ ‘ಬಾಸ್ಟಾರ್ಡೆನ್’ (2023). ಇಂಗ್ಲಿಷಿನಲ್ಲಿ ‘ದಿ ಪ್ರಾಮಿಸ್ಡ್ ಲ್ಯಾಂಡ್’ ಎಂದು ಹುಡುಕಿದರೆ ಸಿಗುತ್ತದೆ.

ಕಾಲ 1755. ಸೈನ್ಯದಿಂದ ನಿವೃತ್ತನಾದ ಬಡ ಕ್ಯಾಪ್ಟನ್ ಲುಡ್ವಿಗ್ ಕಾಲೆನ್ ರಾಜಧಾನಿ ಕೋಪನ್‌ಹೇಗನ್ನಿಗೆ ಹೋಗಿ ಅಧಿಕಾರಿಗಳ ಮುಂದೆ ನಿಲ್ಲುತ್ತಾನೆ. ಡೆನ್ಮಾರ್ಕಿನ ಪಶ್ಚಿಮ ಭಾಗವಾದ ಜಟ್ಲೆಂಡಿನ ಬಯಲನ್ನು ಸಾಗುವಳಿ ಮಾಡುತ್ತೇನೆ, ಗೆದ್ದರೆ ನನಗೊಂದು ಕುಲೀನ ಪದವಿ ಕೊಡಿ ಎನ್ನುತ್ತಾನೆ. ಆ ನೆಲದಲ್ಲಿ ಕುರುಚಲು ಹೀದರ್ ಗಿಡ ಬಿಟ್ಟರೆ ಏನೂ ಬೆಳೆಯುವುದಿಲ್ಲ. ಅವನಿಗಿಂತ ಮೊದಲು ಪ್ರಯತ್ನಿಸಿದವರೆಲ್ಲ ಸೋತಿದ್ದಾರೆ.

ಕಾಲೆನ್ ಊರುಗೋಲಿನಂಥ ಕೊರೆಗೋಲು ಹಿಡಿದು ಮಣ್ಣು ಬಗೆಯುತ್ತ ಹೋಗುತ್ತಾನೆ. ಬೆರಳಲ್ಲಿ ತಿಕ್ಕಿ, ಮೂಸಿ ನೋಡುತ್ತಾನೆ. ಅವನ ಬಳಿ ಒಂದು ಗುಟ್ಟಿದೆ, ಆ ಸೀಮೆಗೆ ಆಗಿನ್ನೂ ಹೊಸದಾಗಿದ್ದ ಆಲೂಗಡ್ಡೆಯ ಬೀಜ. ಹಿಮ ಬಿದ್ದ ರಾತ್ರಿ ಆತ ಚಿಗುರನ್ನು ಕಾಯುವ ಪರಿ ನೋಡಿದರೆ, ಬಿತ್ತನೆ ಬೀಜವೇ ಊರಿನ ಉಸಿರಾಗಿರುವ ರಾಣೆಬೆನ್ನೂರಿನ ಯಾವ ರೈತನೂ ಕಣ್ಣು ಕೀಳಲಾರ. ನೆಲವೆಲ್ಲ ನನ್ನದೇ ಎಂದು ಮೇಲೆ ಬೀಳುವ ಜಮೀನ್ದಾರ ಡಿ ಶಿಂಕೆಲ್ ಇದ್ದಾನೆ. ಅವನಲ್ಲಿಂದ ತಪ್ಪಿಸಿಕೊಂಡು ಬಂದ ಆಳು ಹೆಂಗಸು ಆನ್ ಬಾರ್ಬರಾ ಇದ್ದಾಳೆ. ಮೈಬಣ್ಣ ಕಪ್ಪೆಂದು ಎಲ್ಲರೂ ಅಪಶಕುನವೆನ್ನುವ ಅಲೆಮಾರಿ ಹುಡುಗಿ ಆನ್ಮಾಯ್ ಮುಸ್ ಇದ್ದಾಳೆ. ಕಾಲೆನ್ ಜತೆ ಈ ಇಬ್ಬರೂ ಒಂದೇ ಒಲೆಯ ಸುತ್ತ ಸೇರುವ ಬಗೆಯೇ ಚಿತ್ರದ ಜೀವ. ಕ್ಯಾಪ್ಟನ್ ಪಾತ್ರದಲ್ಲಿ ಮ್ಯಾಡ್ಸ್ ಮಿಕೆಲ್ಸನ್ ಹೆಚ್ಚು ಮಾತಾಡುವುದಿಲ್ಲ, ಮುಖದ ಒಂದು ಸ್ನಾಯು ಅಲುಗಿದರೆ ಸಾಕು.

ರಾಣೆಬೆನ್ನೂರಿನಲ್ಲಿ ಈ ಚಿತ್ರ ನೋಡುವವರಿಗೆ ಕೋಪನ್‌ಹೇಗನ್ನಿನವರಿಗೂ ಕಾಣದ್ದೊಂದು ಕಂಡೀತು. ಊರ ಬದಿಯಲ್ಲೇ 119 ಚದರ ಕಿಲೋಮೀಟರಿನ ಕೃಷ್ಣಮೃಗ ವನ್ಯಧಾಮವಿದೆ, 1974ರಲ್ಲಿ ಘೋಷಿಸಿದ್ದು. ಅದು ಹುಲ್ಲುಗಾವಲು ಮತ್ತು ಕುರುಚಲಿನ ನೆಲ. ಮರ ಇಲ್ಲದ್ದು ದಂಡದ ನೆಲ ಎಂಬ ನಂಬಿಕೆಯಲ್ಲಿ ಅದರ ಬಹುಭಾಗಕ್ಕೆ ನೀಲಗಿರಿ ನೆಟ್ಟರು. ಜಿಂಕೆಗೆ, ಒಂದು ಕಾಲದಲ್ಲಿ ಇಲ್ಲಿ ಓಡಾಡುತ್ತಿದ್ದ ಎರ್ಲಡ್ಡು ಹಕ್ಕಿಗೆ, ಕುರಿಗಾರರಿಗೆ ಆ ಬಯಲೇ ಬದುಕಾಗಿತ್ತು. ಜಟ್ಲೆಂಡಿನಲ್ಲೂ 1866ರಲ್ಲಿ ಹೀದರ್ ಬಯಲನ್ನು ಹಸನು ಮಾಡಲೆಂದೇ ಒಂದು ಸಂಘ ಹುಟ್ಟಿತು, ಬಯಲು ಕ್ರಮೇಣ ಹೊಲವಾಯಿತು, ನೆಡುತೋಪಾಯಿತು, ಉಳಿದ ಚೂರುಗಳನ್ನು ಈಗ ಜೋಪಾನ ಮಾಡುತ್ತಿದ್ದಾರೆ. ಯಾವ ನೆಲ ಬರಡು, ಯಾರ ಕಣ್ಣಿಗೆ ಬರಡು ಎಂಬ ಜಗಳ ಈ ಚಿತ್ರ ಮುಗಿದ ಮೇಲೆ ರಾಣೆಬೆನ್ನೂರಿನ ಗ್ರಂಥಾಲಯದಲ್ಲಿ ನಡೆದರೆ, ಅಂಥ ಚರ್ಚೆ ಯಾವ ಚಿತ್ರೋತ್ಸವದಲ್ಲೂ ನಡೆದಿರಲಾರದು.

ಹನ್ನೆರಡು ಮಂದಿಗೆ ಒಂದು ಪಂಕ್ತಿ

ಬ್ಯಾಡಗಿಗೆ ‘ಬಾಬೆಟ್ಸ್ ಫೀಸ್ಟ್’ (1987). ನಾಲಗೆಯ ರುಚಿಯನ್ನು ದೇಶಕ್ಕೇ ಹಂಚುವ ಊರಿಗೆ ಇದಕ್ಕಿಂತ ಒಪ್ಪುವ ಚಿತ್ರ ನನಗೆ ತಿಳಿಯದು. ಕರೆನ್ ಬ್ಲಿಕ್ಸೆನ್ ಅವರ ಕಥೆ, ಗೇಬ್ರಿಯಲ್ ಆಕ್ಸೆಲ್ ನಿರ್ದೇಶನ.

ಜಟ್ಲೆಂಡಿನ ಕಡಲ ತೀರದ ಸಣ್ಣ ಹಳ್ಳಿ. ಕಟ್ಟುನಿಟ್ಟಿನ ಪಂಥವೊಂದನ್ನು ಕಟ್ಟಿದ ಪಾದ್ರಿ ತೀರಿಹೋಗಿದ್ದಾನೆ. ಅವನ ಇಬ್ಬರು ಹೆಣ್ಣುಮಕ್ಕಳು ಮದುವೆಯಾಗದೆ, ಬಡವರಿಗೆ ಗಂಜಿ ಹಂಚುತ್ತ ಮುದುಕಿಯರಾಗಿದ್ದಾರೆ. ಒಂದು ಮಳೆಯ ರಾತ್ರಿ ಪ್ಯಾರಿಸ್ಸಿನಿಂದ ಓಡಿಬಂದ ಹೆಂಗಸೊಬ್ಬಳು ಬಾಗಿಲು ತಟ್ಟುತ್ತಾಳೆ. 1871ರ ಪ್ಯಾರಿಸ್ ದಂಗೆಯಲ್ಲಿ ಗಂಡ, ಮಗ ಇಬ್ಬರನ್ನೂ ಕಳೆದುಕೊಂಡವಳು ಬಾಬೆಟ್. ಸಂಬಳ ಬೇಡ, ಅಡುಗೆ ಮಾಡಿಕೊಂಡಿರುತ್ತೇನೆ ಎನ್ನುತ್ತಾಳೆ. ಒಣಮೀನು ನೆನೆಸುವುದು, ಬ್ರೆಡ್ಡಿನ ಗಂಜಿ ಕಾಯಿಸುವುದು ಹೇಗೆಂದು ಅಕ್ಕ-ತಂಗಿಯರು ಅವಳಿಗೆ ಹೇಳಿಕೊಡುತ್ತಾರೆ. ಹದಿನಾಲ್ಕು ವರ್ಷ ಅವಳು ಅದನ್ನೇ ಮಾಡುತ್ತಾಳೆ.

ಆಮೇಲೆ ಲಾಟರಿಯಲ್ಲಿ ಹತ್ತು ಸಾವಿರ ಫ್ರಾಂಕ್ ಬರುತ್ತದೆ. ಪಾದ್ರಿಯ ನೂರನೆಯ ಹುಟ್ಟುಹಬ್ಬಕ್ಕೆ ಒಂದೇ ಒಂದು ಊಟ ನಾನು ಮಾಡಿ ಬಡಿಸುತ್ತೇನೆ ಎಂದು ಬಾಬೆಟ್ ಬೇಡಿಕೊಳ್ಳುತ್ತಾಳೆ. ದೋಣಿಯಲ್ಲಿ ಜೀವಂತ ಆಮೆ, ಪಂಜರದಲ್ಲಿ ಲಾವಕ್ಕಿ, ಪೆಟ್ಟಿಗೆ ಪೆಟ್ಟಿಗೆ ಮದ್ಯ ಬಂದಿಳಿಯುತ್ತವೆ. ಹಳ್ಳಿಯ ಭಕ್ತರು ಹೆದರಿ, ಏನೇ ಬಡಿಸಿದರೂ ರುಚಿಯ ಮಾತೆತ್ತಬಾರದು ಎಂದು ಒಳಗೊಳಗೇ ಆಣೆ ಮಾಡಿಕೊಂಡು ಬಂದು ಕೂರುತ್ತಾರೆ.

ಆ ಊಟದ ದೃಶ್ಯವನ್ನು ನಾನಿಲ್ಲಿ ಹೇಳುವುದಿಲ್ಲ. ವರ್ಷಗಟ್ಟಲೆ ಹಗೆ ಸಾಧಿಸಿದ ಮುದುಕರು ಒಂದೊಂದು ತುತ್ತಿಗೆ ಹೇಗೆ ಸಡಿಲಾಗುತ್ತಾರೆ ಎನ್ನುವುದನ್ನು ಕಣ್ಣಾರೆ ನೋಡಬೇಕು. ಮಠದ ದಾಸೋಹದ ಪಂಕ್ತಿಯಲ್ಲಿ ಕೂತವರಿಗೆ, ಒಂದು ಹಬ್ಬದೂಟಕ್ಕಾಗಿ ಬೆಳಗಿನ ಜಾವದಿಂದ ಒಲೆ ಮುಂದೆ ನಿಂತ ತಾಯಂದಿರಿಗೆ ಈ ಚಿತ್ರಕ್ಕೆ ಅನುವಾದವೇ ಬೇಡ. ಅಡುಗೆಯನ್ನು ಇಷ್ಟು ಗೌರವದಿಂದ ಕಂಡ ಚಿತ್ರ ಬಹಳ ಅಪರೂಪ.

ಎರಡು ಪಂಥ, ಒಂದು ಮದುವೆ

ಹಾವೇರಿಗೆ ಡೆನ್ಮಾರ್ಕಿನ ಹಿರಿಯ ಕಾರ್ಲ್ ಥಿಯೋಡೋರ್ ಡ್ರೇಯರ್ ಬರಬೇಕು. ‘ಓರ್ಡೆಟ್’ (1955) ವೆನಿಸ್ ಚಿತ್ರೋತ್ಸವದಲ್ಲಿ ಸ್ವರ್ಣಸಿಂಹ ಪಡೆದ ಕಪ್ಪು-ಬಿಳುಪು ಚಿತ್ರ. ಮೂಲ ನಾಟಕ ಪಾದ್ರಿ ಕಾಯ್ ಮುಂಕ್ ಅವರದು. ನಾಜಿಗಳನ್ನು ಧರ್ಮಪೀಠದಿಂದಲೇ ಖಂಡಿಸಿದ ಮುಂಕ್ ಅವರನ್ನು 1944ರ ಜನವರಿ 4ರಂದು ಗೆಸ್ಟಾಪೊ ಪೊಲೀಸರು ಎಳೆದೊಯ್ದು ಕೊಂದರು.

ಕಥೆ ಬೋರ್ಗನ್ ಎಂಬ ರೈತನ ಮನೆಯದು. ಕಿರಿಯ ಮಗ ದರ್ಜಿಯ ಮಗಳನ್ನು ಪ್ರೀತಿಸಿದ್ದಾನೆ. ಇಬ್ಬರೂ ಒಂದೇ ಧರ್ಮದವರು, ಒಂದೇ ಊರಿನವರು, ಒಂದೇ ದೇವರನ್ನು ನೆನೆಯುವವರು. ಪಂಥ ಮಾತ್ರ ಬೇರೆ. ಒಂದು ಪಂಥ ಬದುಕಿನ ಸಂತೋಷವನ್ನು ಒಪ್ಪುತ್ತದೆ, ಇನ್ನೊಂದು ಪಾಪದ ಭಯವನ್ನು ಬೋಧಿಸುತ್ತದೆ. ಇಬ್ಬರು ಅಪ್ಪಂದಿರೂ ಬೇಡವೆನ್ನುತ್ತಾರೆ. ಉತ್ತರ ಕರ್ನಾಟಕದ ಯಾವ ಹಳ್ಳಿಯಲ್ಲಾದರೂ ಈ ಭಾಗವನ್ನು ನಿಲ್ಲಿಸಿ, ಮುಂದೇನಾದೀತು ಎಂದು ಕೇಳಿದರೆ ಕೂತವರೆಲ್ಲ ಒಂದೊಂದು ಮನೆಯ ಹೆಸರು ಹೇಳಿಯಾರು.

ನಡುವಿನ ಮಗ ಯೊಹಾನ್ನೆಸ್, ಓದಿ ಓದಿ ತಾನೇ ಕ್ರಿಸ್ತ ಎಂದುಕೊಂಡವನು. ಹಿರಿಯ ಸೊಸೆ ಇಂಗರ್, ಮನೆಯ ಬೆಳಕು. ಅವಳ ಹೆರಿಗೆ ಕಷ್ಟವಾಗುತ್ತದೆ. ಅಲ್ಲಿಂದ ಕೊನೆಯ ಹತ್ತು ನಿಮಿಷದವರೆಗೆ ಡ್ರೇಯರ್ ನಮ್ಮನ್ನು ಕರೆದೊಯ್ಯುವ ಜಾಗ ಸಿನಿಮಾದಲ್ಲಿ ಬೇರೆ ಯಾರಿಗೂ ಸಿಕ್ಕಿಲ್ಲವೆಂದು ನಂಬಿದ್ದೇನೆ. ಕ್ಯಾಮೆರಾ ನಿಧಾನಕ್ಕೆ ಚಲಿಸುತ್ತದೆ, ಒಂದೊಂದು ಶಾಟ್ ನಿಮಿಷಗಟ್ಟಲೆ ನಿಲ್ಲುತ್ತದೆ. ಮೊದಲ ಇಪ್ಪತ್ತು ನಿಮಿಷ ತಾಳ್ಮೆಯಿಂದ ಕೂತವರಿಗೆ ಆಮೇಲೆ ಆ ನಡಿಗೆಯೇ ಹಿಡಿಸುತ್ತದೆ. ದೇವರನ್ನು ನಂಬುವವರೂ ನಂಬದವರೂ ಈ ಚಿತ್ರದ ಕೊನೆಗೆ ಒಂದೇ ರೀತಿ ನಡುಗುತ್ತಾರೆ.

ಇನ್ನೂ ಕೆಲವು, ಬೇಗಬೇಗ

‘ಪೆಲ್ಲೆ ದಿ ಕಾಂಕರರ್’: ವಯಸ್ಸಾದ ಅಪ್ಪ, ಎಳೆಯ ಮಗ, ಕೂಲಿಗೆಂದು ಸ್ವೀಡನ್ನಿನಿಂದ ಡೆನ್ಮಾರ್ಕಿನ ಬಾರ್ನ್‌ಹೋಮ್ ದ್ವೀಪಕ್ಕೆ ಹಡಗಿನಲ್ಲಿ ಬಂದಿಳಿಯುತ್ತಾರೆ. ಗೌಡನ ಕೊಟ್ಟಿಗೆಯ ಪಕ್ಕದಲ್ಲಿ ವಾಸ. ಮಾರ್ಟಿನ್ ಆಂಡರ್ಸನ್ ನೆಕ್ಸೊ ಅವರ ಕಾದಂಬರಿಯ ಮೊದಲ ಭಾಗವನ್ನು ಬಿಲ್ಲೆ ಆಗಸ್ಟ್ ತೆರೆಗೆ ತಂದರು. ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗಿ ಬಂದ ಮನೆಗಳಲ್ಲಿ ಈ ಅಪ್ಪನನ್ನು ಗುರುತಿಸದವರಿಲ್ಲ.

‘ದಿ ಹಂಟ್’ (2012): ಶಿಶುವಿಹಾರದ ಮಾಸ್ತರನ ಮೇಲೆ ಮಗುವೊಂದು ಸಿಟ್ಟಿನಲ್ಲಿ ಆಡಿದ ಸುಳ್ಳು ಮಾತು ಊರೆಲ್ಲ ಹಬ್ಬುತ್ತದೆ. ಒಳ್ಳೆಯ ಜನ, ಪ್ರೀತಿಸುವ ಗೆಳೆಯರು, ಅವರೇ ಅವನನ್ನು ಬೇಟೆಯಾಡುತ್ತಾರೆ. 2018ರಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಯಿಂದ ಬೀದರ್ ಜಿಲ್ಲೆಯಲ್ಲಿ ಅಮಾಯಕನೊಬ್ಬ ಜನರ ಕೈಯಲ್ಲೇ ಸತ್ತ ರಾಜ್ಯ ನಮ್ಮದು. ಈ ಚಿತ್ರವನ್ನು ಕಾಲೇಜುಗಳಲ್ಲಿ ತೋರಿಸಬೇಕು. ಸಣ್ಣ ಮಕ್ಕಳಿಗೆ ಬೇಡ.

‘ದಿ ಗಿಲ್ಟಿ’ (2018): ಇಡೀ ಚಿತ್ರ ತುರ್ತು ಕರೆ ಸ್ವೀಕರಿಸುವ ಕಚೇರಿಯೊಳಗೇ ನಡೆಯುತ್ತದೆ. ಒಬ್ಬ ಪೊಲೀಸ್, ಒಂದು ಹೆಡ್‌ಫೋನು. ಅಪಹರಣ, ಮಳೆ, ಹೆದ್ದಾರಿ ಎಲ್ಲವನ್ನೂ ನಾವು ಕೇಳಿಯೇ ಕಾಣಬೇಕು. ಧಾರವಾಡ ಆಕಾಶವಾಣಿಯ ನಾಟಕಗಳನ್ನು ಕತ್ತಲಲ್ಲಿ ಕೂತು ಕೇಳಿ ಬೆಳೆದವರಿಗೆ ಇದರ ರುಚಿ ಹತ್ತಲು ಐದು ನಿಮಿಷ ಸಾಕು.

‘ಲ್ಯಾಂಡ್ ಆಫ್ ಮೈನ್’ (2015): ಯುದ್ಧ ಮುಗಿದ 1945. ಡೆನ್ಮಾರ್ಕಿನ ಕಡಲ ತೀರದಲ್ಲಿ ಹೂತ ಲಕ್ಷಾಂತರ ನೆಲಬಾಂಬುಗಳನ್ನು ಬರಿಗೈಯಲ್ಲಿ ಕೀಳಲು ಸೆರೆಸಿಕ್ಕ ಜರ್ಮನ್ ಸೈನಿಕರನ್ನು ಬಿಡುತ್ತಾರೆ. ಅವರಲ್ಲಿ ಮೀಸೆ ಮೂಡದ ಹುಡುಗರೂ ಇದ್ದಾರೆ. ತನ್ನದೇ ದೇಶ ಮಾಡಿದ ಕ್ರೌರ್ಯವನ್ನು ಮುಖಕ್ಕೆ ಹಿಡಿಯುವ ಧೈರ್ಯ ಈ ಚಿತ್ರಕ್ಕಿದೆ.

ಸೂಸನ್ ಬಿಯರ್ ಅವರ ‘ಆಫ್ಟರ್ ದಿ ವೆಡ್ಡಿಂಗ್’ (2006) ಶುರುವಾಗುವುದೇ ಭಾರತದ ಅನಾಥಾಲಯವೊಂದರಲ್ಲಿ.

ಬಾಕ್ಸ್: ಹತ್ತು ನಿಯಮ, ಒಂದು ಕೈ ಕ್ಯಾಮೆರಾ
1995ರ ಮಾರ್ಚ್. ಸಿನಿಮಾಕ್ಕೆ ನೂರು ತುಂಬಿದ್ದಕ್ಕೆ ಪ್ಯಾರಿಸ್ಸಿನಲ್ಲಿ ಸಭೆ. ಡೆನ್ಮಾರ್ಕಿನ ನಿರ್ದೇಶಕ ಲಾರ್ಸ್ ಫಾನ್ ಟ್ರಿಯರ್ ಎದ್ದು ನಿಂತು ಕೆಂಪು ಕರಪತ್ರಗಳನ್ನು ತೂರಿದರು. ಅದೇ ‘ಡಾಗ್ಮೆ 95’ ಪ್ರಣಾಳಿಕೆ. ಸೆಟ್ ಹಾಕಬಾರದು, ಕ್ಯಾಮೆರಾ ಕೈಯಲ್ಲೇ ಇರಬೇಕು, ವಿಶೇಷ ದೀಪ ಬೇಡ, ಸಂಗೀತವನ್ನು ಆಮೇಲೆ ಸೇರಿಸಬಾರದು, ನಿರ್ದೇಶಕನ ಹೆಸರು ಹಾಕಬಾರದು. ಹೀಗೆ ಹತ್ತು ನಿಯಮ. ಮೊದಲ ಚಿತ್ರ ವಿಂಟರ್‌ಬರ್ಗ್ ಅವರ ‘ಫೆಸ್ಟೆನ್’ (1998), ಮನೆಮಂದಿ ಬಳಸುವಂಥ ಸಣ್ಣ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದದ್ದು. ಅಪ್ಪನ ಅರವತ್ತರ ಸಂಭ್ರಮಕ್ಕೆ ಕೂಡಿದ ಬಳಗದೆದುರು ಮಗ ಎದ್ದು ಮನೆಯ ಘೋರ ಸತ್ಯವೊಂದನ್ನು ಹೇಳುತ್ತಾನೆ. ವಯಸ್ಕರಿಗೆ ಮಾತ್ರ. ಮೊಬೈಲಿನಲ್ಲೇ ಕಿರುಚಿತ್ರ ತೆಗೆಯುವ ನಮ್ಮ ಜಿಲ್ಲೆಯ ಹುಡುಗ-ಹುಡುಗಿಯರು ಈ ನಿಯಮಗಳನ್ನು ಗೋಡೆಗೆ ಅಂಟಿಸಿಕೊಳ್ಳಬಹುದು.

ಅಡಿಕೆ ತೋಟದಿಂದ ಬಂದವರು

‘ಹಳ್ಳಿ ಜನಕ್ಕೆ ಇವೆಲ್ಲ ಅರ್ಥವಾಗುತ್ತವೆಯೇ?’ ಇದು ಯಾವಾಗಲೂ ಪಟ್ಟಣದವರು ಕೇಳುವ ಪ್ರಶ್ನೆ. ಕರ್ನಾಟಕದಲ್ಲಿ ಇದಕ್ಕೆ ಅರ್ಧ ಶತಮಾನದ ಹಿಂದೆಯೇ ಉತ್ತರ ಸಿಕ್ಕಿದೆ.

ಸಾಗರ ತಾಲ್ಲೂಕಿನ ಹೆಗ್ಗೋಡು. ಕೆ.ವಿ. ಸುಬ್ಬಣ್ಣ (1932–2005) ಮತ್ತು ಗೆಳೆಯರು ಕಟ್ಟಿದ ರಂಗಸಂಸ್ಥೆ ನೀನಾಸಮ್‌ನಲ್ಲಿ 1973ರಲ್ಲಿ ಚಿತ್ರಸಮಾಜ ಆರಂಭವಾಯಿತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಅಲ್ಲಿಂದ ಚಿತ್ರಗಳನ್ನು ಕಳಿಸಿಕೊಟ್ಟರು. ಪುಣೆ ಚಲನಚಿತ್ರ ಸಂಸ್ಥೆಯ ಸತೀಶ್ ಬಹಾದ್ದೂರ್ ಬಂದು ಪಾಠ ಮಾಡಿದರು. ಕನ್ನಡದ ವಿವರಣೆಯೊಡನೆ, ಅಡಿಕೆ ತೋಟದ ಕೆಲಸ ಮುಗಿಸಿ ಬಂದ ಗಂಡಸರು, ಹೆಂಗಸರು ‘ಬೈಸಿಕಲ್ ಥೀವ್ಸ್’, ‘ರಾಶೊಮಾನ್’, ‘ಪಥೇರ್ ಪಾಂಚಾಲಿ’ ನೋಡಿದರು. ಬಹಳ ವರ್ಷಗಳ ಮೇಲೆ ನಾಯರ್ ಕುರಿತ ‘ಸೆಲ್ಯುಲಾಯ್ಡ್ ಮ್ಯಾನ್’ (2012) ಸಾಕ್ಷ್ಯಚಿತ್ರದ ತಂಡ ಹೆಗ್ಗೋಡಿಗೆ ಹೋದಾಗ, ಆ ಹಳ್ಳಿಗರು ಆ ಚಿತ್ರಗಳ ಬಗ್ಗೆ ನಿನ್ನೆ ನೋಡಿದವರಂತೆ ಮಾತಾಡಿದರು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

1980ರ ದಶಕದಲ್ಲಿ ‘ಜನಸ್ಪಂದನ’ ಯೋಜನೆಯ ಮೂಲಕ ನೀನಾಸಮ್ ನಾಟಕ, ಸಿನಿಮಾ ಎರಡನ್ನೂ ಹೊತ್ತು ರಾಜ್ಯದ ಹಳ್ಳಿಗಳಿಗೆ ಹೋಯಿತು. ನಮ್ಮದೇ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಶೇಷಗಿರಿ ನೋಡಿ. ಪುಟ್ಟ ಹಳ್ಳಿ. ಅಲ್ಲಿನ ಗಜಾನನ ಯುವಕ ಮಂಡಳ ಗಂಭೀರ ನಾಟಕಗಳನ್ನು ಆಡುತ್ತ, ಊರಿಗೇ ಒಂದು ರಂಗಮಂದಿರ ಮಾಡಿಕೊಂಡಿದೆ. ಇಂಥ ಊರಿರುವ ಜಿಲ್ಲೆಗೆ ಡ್ರೇಯರ್ ದೂರದವರಾಗುವುದಿಲ್ಲ.

ಕಪಾಟು ತುಂಬುವ ಲೆಕ್ಕ

ನಮ್ಮ ಸಾರ್ವಜನಿಕ ಗ್ರಂಥಾಲಯವೆಂದರೆ ಪುಸ್ತಕ, ಪತ್ರಿಕೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು. ಸಿನಿಮಾ ಎರವಲು ಕೊಡುವ ರೂಢಿ ಬೆಳೆದಿಲ್ಲ. ಕಾನೂನಿನ ಭಯವೆಂದು ಕೆಲವರು ಹೇಳುತ್ತಾರೆ. ಆ ಭಯಕ್ಕೆ ಕಾರಣವಿಲ್ಲ.

ಚಲನಚಿತ್ರವನ್ನು ವಾಣಿಜ್ಯ ಬಾಡಿಗೆಗೆ ಕೊಡುವ ಹಕ್ಕು ಅದರ ಒಡೆಯನದು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ ಈ ‘ವಾಣಿಜ್ಯ ಬಾಡಿಗೆ’ಯ ವಿವರಣೆಯಿಂದ ಲಾಭದ ಉದ್ದೇಶವಿಲ್ಲದ ಗ್ರಂಥಾಲಯಗಳನ್ನೂ ಶಿಕ್ಷಣ ಸಂಸ್ಥೆಗಳನ್ನೂ ಹೊರಗಿಟ್ಟಿದೆ. ಸರಿಯಾದ ದಾರಿಯಲ್ಲಿ ಕೊಂಡ ಚಿತ್ರದ ಪ್ರತಿಯನ್ನು ಅವು ಲಾಭವಿಲ್ಲದೆ ಎರವಲು ಕೊಟ್ಟರೆ ಅದು ಬಾಡಿಗೆಯಲ್ಲ. ಅಂದರೆ ಜಿಲ್ಲಾ ಗ್ರಂಥಾಲಯ ಅಸಲಿ ಡಿವಿಡಿ ಕೊಂಡು, ಕಾದಂಬರಿ ಕೊಟ್ಟಂತೆ ಸದಸ್ಯರಿಗೆ ಮನೆಗೆ ಕೊಡಬಹುದು. ಸಭಾಂಗಣದಲ್ಲಿ ಸಾರ್ವಜನಿಕವಾಗಿ ತೋರಿಸುವುದು ಬೇರೆ ವಿಷಯ. ಅದಕ್ಕೆ ಹಕ್ಕುದಾರರ ಒಪ್ಪಿಗೆ ಮತ್ತು ಪ್ರದರ್ಶನದ ನಿಯಮಗಳು ಇವೆ. ಫಿಲಂ ಸೊಸೈಟಿ ಕಟ್ಟಿಕೊಂಡರೆ ಆ ದಾರಿ ಸುಲಭ. 1959ರಲ್ಲಿ ಹುಟ್ಟಿದ ಫಿಲಂ ಸೊಸೈಟಿಗಳ ಒಕ್ಕೂಟ ದೇಶದ ತುಂಬ ಇಂಥ ಸಂಘಗಳಿಗೆ ಬೆನ್ನಾಗಿದೆ.

ಹಣ? 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜತೆ ನಾವೆಲ್ಲ ಗ್ರಂಥಾಲಯ ಉಪಕರ ಕಟ್ಟುತ್ತೇವೆ, ತೆರಿಗೆಯ ಶೇ 6ರಷ್ಟು. ಬ್ಯಾಡಗಿಯ ಅಂಗಡಿಕಾರ, ರಾಣೆಬೆನ್ನೂರಿನ ಬೀಜದ ಕಂಪನಿ, ಹಾವೇರಿಯ ಬಾಡಿಗೆ ಮನೆಯ ಒಡೆಯ ಎಲ್ಲರೂ ಕಟ್ಟಿದ ಹಣವಿದು. ಅದರಿಂದ ಏನು ಕೊಳ್ಳಬೇಕೆಂದು ಕೇಳುವ ಅಧಿಕಾರ ಅವರಿಗಿದೆ. ಜಿಲ್ಲೆ ಮತ್ತು ನಗರಗಳಿಗೆ ಗ್ರಂಥಾಲಯ ಪ್ರಾಧಿಕಾರಗಳನ್ನೂ ಅದೇ ಕಾಯ್ದೆ ರೂಪಿಸಿದೆ. ಹತ್ತು ಸದಸ್ಯರು ಸಹಿ ಮಾಡಿದ ಒಂದು ಅರ್ಜಿ ಅಲ್ಲಿಗೆ ಹೋಗಲಿ.

ಹಳ್ಳಿಗಳ ಮಾತು ಬೇರೆಯೇ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು. ಎಷ್ಟೋ ಕಡೆ ಕಂಪ್ಯೂಟರ್ ಬಂದಿದೆ, ಇಂಟರ್ನೆಟ್ ಬಂದಿದೆ. ಮಕ್ಕಳು ಸಂಜೆ ಬಂದು ಕೂರುತ್ತಾರೆ. ಡೆನ್ಮಾರ್ಕ್ ತನ್ನ ಸಹಾಯಧನದ ಕಾಲು ಭಾಗವನ್ನು ಯಾರಿಗೆ ಮೀಸಲಿಟ್ಟಿತೋ ಆ ವಯಸ್ಸಿನವರು.

ಬಾಕ್ಸ್: ತರಿಸುವ ಮುನ್ನ
ಯುರೋಪಿನ ಡಿವಿಡಿಗಳು ರೀಜನ್ 2, ಭಾರತದವು ರೀಜನ್ 5. ಎಲ್ಲ ರೀಜನ್‌ಗೂ ಒಪ್ಪುವ ಪ್ಲೇಯರ್ ಇಲ್ಲದಿದ್ದರೆ ತರಿಸಿದ ತಟ್ಟೆ ತಿರುಗದು. ಇಂಗ್ಲಿಷ್ ಸಬ್‌ಟೈಟಲ್ ಇದೆಯೇ ಎಂದು ಹೊದಿಕೆಯ ಹಿಂಬದಿ ನೋಡಬೇಕು. ಡ್ಯಾನಿಶ್ ನಿರ್ದೇಶಕರ ಎಲ್ಲ ಚಿತ್ರವೂ ಡ್ಯಾನಿಶ್ ಅಲ್ಲ: ಫಾನ್ ಟ್ರಿಯರ್ ಅವರ ‘ಡ್ಯಾನ್ಸರ್ ಇನ್ ದಿ ಡಾರ್ಕ್’, ‘ಮೆಲಾಂಕೋಲಿಯಾ’ ಇಂಗ್ಲಿಷಿನವು. ಡ್ರೇಯರ್ ಅವರ ‘ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’ (1928) ಫ್ರಾನ್ಸಿನಲ್ಲಿ ತಯಾರಾದ ಮೂಕಿ ಚಿತ್ರ. ಭಾಷೆಯ ತೊಡಕು ಕಡಿಮೆ.

ಬಾಕ್ಸ್: ಡ್ಯಾನಿಶ್ ನೆಲದಲ್ಲಿ ಕನ್ನಡ ಅಚ್ಚು
ವಿಲಿಯಂ ಕೇರಿ ಬರೆದ ಕರ್ಣಾಟ ಭಾಷೆಯ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಮಪುರದ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಆಗ ಆ ಊರು ಡೆನ್ಮಾರ್ಕಿನ ವಸಾಹತು, ಹೆಸರು ಫ್ರೆಡೆರಿಕ್ಸ್‌ನಗೋರ್. 1845ರಲ್ಲಿ ಬ್ರಿಟಿಷರಿಗೆ ಮಾರಾಟವಾಗುವವರೆಗೂ ಅಲ್ಲಿ ಡ್ಯಾನಿಶ್ ಬಾವುಟ ಹಾರುತ್ತಿತ್ತು.

ಕನ್ನಡದ ಎರಡು ಪುಟ

ನಿಜವಾದ ತಡೆ ಒಂದೇ, ಸಬ್‌ಟೈಟಲ್. ಪರದೆಯ ಕೆಳಗೆ ಓಡುವ ಇಂಗ್ಲಿಷನ್ನು ಓದುತ್ತ ಮುಖಗಳನ್ನೂ ನೋಡುವುದು ಎಲ್ಲರಿಗೂ ಆಗದು. ಹೆಗ್ಗೋಡಿನಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರ, ಅಂದರೆ ಕನ್ನಡದ ವಿವರಣೆ, ಇಂದಿಗೂ ಹಳತಾಗಿಲ್ಲ. ಪ್ರತಿ ಡಿವಿಡಿಯ ಪೆಟ್ಟಿಗೆಯೊಳಗೆ ಕನ್ನಡದಲ್ಲಿ ಎರಡು ಪುಟದ ಪರಿಚಯ ಮಡಚಿಟ್ಟಿರಬೇಕು: ಯಾರು ಯಾರಿಗೆ ಏನಾಗಬೇಕು, ಎಲ್ಲಿ ನಡೆಯುತ್ತದೆ, ಆ ಕಾಲದಲ್ಲಿ ಅಲ್ಲಿ ಏನಾಗಿತ್ತು. ಕಥೆಯ ಕೊನೆ ಹೇಳಬಾರದು. ಮೂರೂ ಊರುಗಳಲ್ಲಿ ಪದವಿ ಕಾಲೇಜುಗಳಿವೆ, ಕನ್ನಡ ಎಂ.ಎ. ಮುಗಿಸಿದವರಿದ್ದಾರೆ, ನಾಟಕ ಬಲ್ಲವರಿದ್ದಾರೆ. ಒಬ್ಬೊಬ್ಬರು ಒಂದೊಂದು ಚಿತ್ರ ಹಂಚಿಕೊಂಡರೆ ಬೇಸಿಗೆ ರಜೆಯಲ್ಲಿ ಹತ್ತು ಚಿತ್ರಗಳ ಪರಿಚಯ ಸಿದ್ಧವಾಗುತ್ತದೆ.

ಅರಿವು ಕೇಂದ್ರದ ಮಕ್ಕಳಿಗೆ ಸೋರೆನ್ ಕ್ರಾಗ್ ಯಾಕೊಬ್ಸನ್ ಅವರ ‘ರಬ್ಬರ್ ಟಾರ್ಜನ್’ (1981) ತರಿಸಲಿ. ಡ್ಯಾನಿಶ್ ಹೆಸರು ‘ಗುಮ್ಮಿ ಟಾರ್ಜಾನ್’, ಓಲೆ ಲುಂಡ್ ಕಿರ್ಕೆಗೋರ್ ಅವರ ಮಕ್ಕಳ ಪುಸ್ತಕದಿಂದ ಬಂದದ್ದು. ಇವಾನ್ ಓಲ್ಸನ್ ಎಂಬ ಸಣಕಲು ಹುಡುಗ. ಶಾಲೆಯಲ್ಲಿ ಹೊಡೆತ, ಮನೆಯಲ್ಲಿ ‘ಟಾರ್ಜನ್ ಥರ ಗಟ್ಟಿಯಾಗು’ ಎನ್ನುವ ಅಪ್ಪನ ಕಾಟ. ಬಂದರಿನ ಕ್ರೇನ್ ಓಡಿಸುವವನೊಬ್ಬ ಅವನಿಗೆ ಗೆಳೆಯನಾಗುತ್ತಾನೆ. ಇದಕ್ಕೆ ಎರಡು ಪುಟ ಬೇಕಿಲ್ಲ, ಅರ್ಧ ಪುಟ ಸಾಕು. ಅದನ್ನು ಬರೆಯುವ ಕೆಲಸವನ್ನು ಏಳನೆಯ ತರಗತಿಯವರಿಗೇ ಕೊಡಬಹುದು.